ಗೇಮಿಂಗ್ ಚಾನೆಲ್ ಇದೆಯಾ? ಕೊಲ್ಯಾಬ್‌ಗೆ ಕೈ ಹಾಕುವ ಮೊದಲು ಇಷ್ಟು ನೋಡಿಕೊಳ್ಳಿ

ಹಾಸನ, ಅರಸೀಕೆರೆ, ಮೂಡಿಗೆರೆ, ಕೊಪ್ಪ ಕಡೆ ಗೇಮಿಂಗ್ ವಿಡಿಯೊ ಮಾಡುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ದೊಡ್ಡ ಚಾನೆಲ್ ಜೊತೆ ಕೊಲ್ಯಾಬ್ ಮಾಡಿದ್ರೆ ಸಬ್‌ಸ್ಕ್ರೈಬರ್ ಬರ್ತಾರಾ?" ಬರುತ್ತಾರೆ. ಉಳಿಯುತ್ತಾರಾ ಅನ್ನೋದು ಬೇರೆ ಮಾತು. ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ: ಕೊಲ್ಯಾಬ್ ಆದ ಮೇಲೆ ನಿಮ್ಮ ವಿಡಿಯೊನೇ ಬದಲಾಗುತ್ತದೆ. ಮಾತಿನ ಧಾಟಿ, ಆಡುವ ಆಟ, ಅಪ್‌ಲೋಡ್ ಮಾಡುವ ದಿನ, ಕಮೆಂಟ್‌ನಲ್ಲಿ ಬರುವ ಜನ, ಎಲ್ಲವೂ. ಅದು ಒಳ್ಳೆಯದಕ್ಕೆ ಬದಲಾಗಬೇಕು ಅಂದರೆ ಯಾರ ಜೊತೆ, ಯಾಕೆ, ಯಾವ ಷರತ್ತಿನ ಮೇಲೆ ಅನ್ನೋದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು.

ಹೊಸಬರಿಗೆ ಒಂದು ಮಾತು. ಕೊಲ್ಯಾಬ್ ಅಂದರೆ ತಮ್ಮದೇ ಚಾನೆಲ್ ಇರುವ ಇಬ್ಬರು ಅಥವಾ ಜಾಸ್ತಿ ಜನ ಸೇರಿ ಆಡಿ, ಅದನ್ನು ವಿಡಿಯೊ ಅಥವಾ ಲೈವ್ ಮಾಡುವುದು. ಒಬ್ಬರ ವಿಡಿಯೊದಲ್ಲಿ ಇನ್ನೊಬ್ಬರು ಎರಡು ನಿಮಿಷ ಬಂದು ಹಾಯ್ ಹೇಳಿ ಹೋಗುವುದು ಕೊಲ್ಯಾಬ್ ಅಲ್ಲ, ಅದು ಬರೀ ಪ್ರಚಾರ.

ಸೇರಿ ಆಡಿದರೆ ಏನಾಗುತ್ತದೆ

ಅಮಂಗ್ ಅಸ್ ಆಟ ಬಂದಿದ್ದು 2018ರಲ್ಲಿ. ಆಗ ಅದರ ಕಡೆ ತಿರುಗಿ ನೋಡಿದವರು ಕಡಿಮೆ. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಸ್ಟ್ರೀಮರ್‌ಗಳು (ಲೈವ್‌ನಲ್ಲಿ ಆಡಿ ತೋರಿಸುವವರು) ಗುಂಪು ಕಟ್ಟಿಕೊಂಡು ಆಡೋಕೆ ಶುರು ಮಾಡಿದರು. ಒಬ್ಬರ ಮೇಲೆ ಒಬ್ಬರು ಅನುಮಾನ ಪಡುವುದು, ಸುಳ್ಳು ಹೇಳುವುದು, ಸಿಕ್ಕಿಬೀಳುವುದು. ಜನ ನೋಡಿದ್ದು ಅದನ್ನು. ಎರಡು ವರ್ಷ ಮೂಲೆಯಲ್ಲಿದ್ದ ಆಟ ಕೆಲವೇ ತಿಂಗಳಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು.

ನಮ್ಮ ದೇಶದಲ್ಲಿ ಅದೇ ವರ್ಷ ಹಾಸ್ಯ ಕಲಾವಿದ ಸಮಯ್ ರೈನಾ ಚೆಸ್ ಸ್ಟ್ರೀಮ್ ಶುರು ಮಾಡಿದರು. ಗ್ರ್ಯಾಂಡ್‌ಮಾಸ್ಟರ್ ವಿದಿತ್ ಗುಜರಾತಿ ಜೊತೆ ಸೇರಿದರು, ಮುಂದೆ ವಿಶ್ವನಾಥನ್ ಆನಂದ್ ಕೂಡ ಬಂದು ಆಡಿದರು. ಚೆಸ್ ಅಂದರೆ ಆಕಳಿಸುತ್ತಿದ್ದವರು ಕೂತು ನೋಡಿದರು. ಒಬ್ಬರಿಗೆ ಆಟ ಗೊತ್ತು, ಇನ್ನೊಬ್ಬರಿಗೆ ನಗಿಸೋದು ಗೊತ್ತು. ಇಬ್ಬರೂ ಒಂದೇ ಕೆಲಸದಲ್ಲಿ ಜಾಣರಾಗಿದ್ದರೆ ಅಷ್ಟು ರುಚಿ ಇರುತ್ತಿರಲಿಲ್ಲ ಅಲ್ವಾ?

ಮೈನ್‌ಕ್ರಾಫ್ಟ್‌ನ (ಚೌಕ ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಆಟ) ಹರ್ಮಿಟ್‌ಕ್ರಾಫ್ಟ್ ಇನ್ನೊಂದು ಥರ. 2012ರಿಂದ ನಡೆಯುತ್ತಿರುವ ಈ ಸರ್ವರ್‌ಗೆ ಕರೆದವರಿಗೆ ಮಾತ್ರ ಪ್ರವೇಶ. ಎಲ್ಲರೂ ಒಂದೇ ಲೋಕದಲ್ಲಿ ಕಟ್ಟುತ್ತಾರೆ, ಆದರೆ ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ಕಂಡದ್ದನ್ನು ತಮ್ಮ ಚಾನೆಲ್‌ಗೆ ಹಾಕುತ್ತಾರೆ. ಇದಕ್ಕೆ ಪಿಓವಿ ಅನ್ನುತ್ತಾರೆ. ಇವರ ವಿಡಿಯೊದಲ್ಲಿ ಅರ್ಧ ಕಂಡ ಜಗಳದ ಇನ್ನರ್ಧ ನೋಡಬೇಕಾದರೆ ಅವರ ಚಾನೆಲ್‌ಗೇ ಹೋಗಬೇಕು. "ಸಬ್‌ಸ್ಕ್ರೈಬ್ ಮಾಡಿ" ಅಂತ ಯಾರೂ ಗೋಗರೆಯಬೇಕಿಲ್ಲ.

ಕೊಲ್ಯಾಬ್‌ನಿಂದ ಇನ್ನೊಂದು ಲಾಭವೂ ಇದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಬ್ಯಾನ್ ಆಯಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ಹೋಯಿತು. ಪಬ್‌ಜಿ ಬದಲು ಭಾರತಕ್ಕೆಂದೇ ಬಂದ ಬಿಜಿಎಂಐ 2022ರ ಜುಲೈನಲ್ಲಿ ಸ್ಟೋರ್‌ನಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತು. ಒಂದೇ ಆಟ ನಂಬಿಕೊಂಡ ಚಾನೆಲ್‌ಗಳಿಗೆ ಏಟು ಬಿತ್ತು. ಜನ ನಿಮ್ಮ ಗುಂಪಿನ ಹರಟೆ ಕೇಳೋಕೆ ಬರುತ್ತಿದ್ದರೆ ಆಟ ಬದಲಾದರೂ ಜೊತೆಗೆ ಬರುತ್ತಾರೆ.

ಕೈಯಲ್ಲಿ ಇರಬೇಕಾದದ್ದು

ತುಂಬ ಏನೂ ಬೇಡ. ತಂತಿ ಇರುವ ಮೈಕ್ ಹೆಡ್‌ಫೋನ್, ಕಂಪ್ಯೂಟರ್ ಇದ್ದರೆ ಓಬಿಎಸ್ (ರೆಕಾರ್ಡ್ ಮತ್ತು ಲೈವ್ ಮಾಡುವ ಉಚಿತ ಸಾಫ್ಟ್‌ವೇರ್), ಮಾತಾಡೋಕೆ ಡಿಸ್ಕಾರ್ಡ್, ಮತ್ತು ನಿಮ್ಮದೇ ಅಂತ ತೋರಿಸಲು ಹತ್ತಾದರೂ ವಿಡಿಯೊ. ಖಾಲಿ ಚಾನೆಲ್ ಇಟ್ಟುಕೊಂಡು ಕೊಲ್ಯಾಬ್ ಕೇಳಬೇಡಿ. ಬಂದವರಿಗೆ ನೋಡೋಕೆ ಏನೂ ಇಲ್ಲದಿದ್ದರೆ ಹಾಗೇ ಹೊರಟುಹೋಗುತ್ತಾರೆ.

1. ನಿಮಗೆ ಬೇಕಾಗಿರುವುದು ಏನು, ಒಂದು ಸಾಲಲ್ಲಿ ಬರೆಯಿರಿ

"ಸಬ್‌ಸ್ಕ್ರೈಬರ್ ಬೇಕು" ಅಂತ ಬರೆದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಲೈವ್‌ನಲ್ಲಿ ಮಾತು ನಿಂತುಹೋಗುತ್ತದೆ, ಮಾತುಗಾರ ಬೇಕು. ಎಡಿಟಿಂಗ್ ಬರಲ್ಲ, ಬರುವವರ ಹತ್ತಿರ ಕಲಿಯಬೇಕು. ಬರೀ ಬಿಜಿಎಂಐ ಆಡಿ ಸಾಕಾಗಿದೆ, ಹೊಸ ಆಟಕ್ಕೆ ದಾಟಬೇಕು. ಹೀಗೆ ಬರೆದರೆ ಯಾರನ್ನು ಕೇಳಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

2. ಜೊತೆಗಾರರನ್ನು ಹುಡುಕಿ, ಸಂಖ್ಯೆ ನೋಡಿ ಮರುಳಾಗಬೇಡಿ

ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ವೀಕ್ಷಕರ ವಿಭಾಗಕ್ಕೆ ಹೋಗಿ. ನೋಡುವವರು ಸಾಕಷ್ಟು ಇದ್ದರೆ, ಅವರು ಬೇರೆ ಯಾವ ಚಾನೆಲ್ ನೋಡುತ್ತಾರೆ ಅನ್ನೋ ಪಟ್ಟಿ ಅಲ್ಲಿ ಸಿಗುತ್ತದೆ. ಅದರಲ್ಲಿ ನಿಮ್ಮ ಅಳತೆಯ, ಅಥವಾ ನಿಮಗಿಂತ ಸ್ವಲ್ಪ ದೊಡ್ಡ ಕನ್ನಡ ಚಾನೆಲ್ ಇದೆಯಾ ನೋಡಿ. ಪಟ್ಟಿ ಬರದಿದ್ದರೆ ನಿಮ್ಮ ಕಮೆಂಟ್ ಹಾಕುವವರು ಇನ್ನೆಲ್ಲಿ ಕಮೆಂಟ್ ಹಾಕುತ್ತಿದ್ದಾರೆ ಅಂತ ಹುಡುಕಿ. ನಿಧಾನದ ಕೆಲಸ, ಆದರೆ ಸರಿಯಾದ ದಾರಿ.

ಬೆಂಗಳೂರಿನ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್ ಇರುವ ಚಾನೆಲ್‌ನಲ್ಲಿ ಸ್ಕ್ವಾಡ್‌ನ ನಾಲ್ಕನೆಯವರಾಗಿ ಕೂತರೆ ನೀವು ಬರೀ ರಿವೈವ್ ಮಾಡುವ (ಬಿದ್ದ ಜೊತೆಗಾರರನ್ನು ಎಬ್ಬಿಸುವ) ಆಸಾಮಿ ಆಗುತ್ತೀರಿ. ಹೆಸರು ಕೂಡ ಯಾರಿಗೂ ನೆನಪಿರುವುದಿಲ್ಲ. ಅದರ ಬದಲು ಹಾಸನದ ನೀವು, ಚಿಕ್ಕಮಗಳೂರಿನ ಇನ್ನೊಬ್ಬರು, ಇಬ್ಬರಿಗೂ ಸಾವಿರದ ಆಸುಪಾಸು ಸಬ್‌ಸ್ಕ್ರೈಬರ್. ಇಬ್ಬರಿಗೂ ಒಬ್ಬರಿಗೊಬ್ಬರ ಅಗತ್ಯ ಇದೆ, ಇಬ್ಬರಿಗೂ ಮಾತಾಡಲು ಜಾಗ ಇದೆ. ಬೇಲೂರಿನ ಮೇಲೆ ಸುಮಾರು 60 ಕಿಲೊಮೀಟರ್ ದಾರಿ, ಬೇಕಾದರೆ ಒಂದು ಭಾನುವಾರ ಎದುರುಬದುರು ಕೂತು ಪ್ಲಾನ್ ಮಾಡಬಹುದು.

ಕೇಳುವ ಮೊದಲು ಅವರ ಹಳೇ ಲೈವ್ ಎರಡಾದರೂ ಪೂರ್ತಿ ನೋಡಿ. ಸೋತಾಗ ಹೇಗೆ ಮಾತಾಡುತ್ತಾರೆ? ಹೆಣ್ಣುಮಕ್ಕಳು ಚಾಟ್‌ಗೆ ಬಂದರೆ ಹೇಗೆ ನಡೆದುಕೊಳ್ಳುತ್ತಾರೆ? ಜಾತಿ, ಊರು, ಬಣ್ಣ ಹಿಡಿದು ತಮಾಷೆ ಮಾಡುತ್ತಾರಾ? ನಿಮ್ಮ ಚಾನೆಲ್‌ನಲ್ಲಿ ಅತಿಥಿ ಬಾಯಿಗೆ ಬಂದದ್ದು ಅಂದರೆ ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ಯೂಟ್ಯೂಬ್ ಕೊಡುವ ಶಿಕ್ಷೆ) ಬೀಳುವುದು ನಿಮ್ಮ ಚಾನೆಲ್‌ಗೆ, ಅವರದ್ದಕ್ಕಲ್ಲ.

3. ಕೇಳುವಾಗ ಐಡಿಯಾ ಹಿಡಿದುಕೊಂಡು ಹೋಗಿ

"ಬ್ರೋ ಕೊಲ್ಯಾಬ್?" ಅನ್ನುವ ಮೆಸೇಜ್‌ಗೆ ಯಾರೂ ಉತ್ತರ ಕೊಡುವುದಿಲ್ಲ. ಹೀಗೆ ಬರೆದು ನೋಡಿ:

"ನಮಸ್ಕಾರ ಅಣ್ಣ. ನಾನು ಅರಸೀಕೆರೆಯವನು, ಮೈನ್‌ಕ್ರಾಫ್ಟ್ ಆಡ್ತೀನಿ. ನೀವು ಊರು ಕಟ್ಟೋ ಸೀರೀಸ್‌ನಲ್ಲಿ ರೈಲ್ವೆ ಸ್ಟೇಷನ್ ಅರ್ಧಕ್ಕೆ ಬಿಟ್ಟಿದ್ದೀರಲ್ಲ, ಅದನ್ನ ನಮ್ಮೂರ ಜಂಕ್ಷನ್ ಥರ ಮುಗಿಸಿ ಕೊಡ್ತೀನಿ. ನೀವು ಲೈವಲ್ಲಿ ನೋಡಿ ತಪ್ಪು ಹೇಳಿ. ಎರಡು ಗಂಟೆ ಕೆಲಸ. ರೆಕಾರ್ಡಿಂಗ್, ಎಡಿಟಿಂಗ್ ನನ್ನ ಜವಾಬ್ದಾರಿ. ಈಗ ಆಗಲ್ಲ ಅಂದ್ರೂ ಬೇಜಾರಿಲ್ಲ."

ಇದರಲ್ಲಿ ನಿಮ್ಮ ಊರು ಇದೆ, ಅವರ ವಿಡಿಯೊ ನೋಡಿದ್ದೀರಿ ಅನ್ನೋದಕ್ಕೆ ಸಾಕ್ಷಿ ಇದೆ, ಎಷ್ಟು ಹೊತ್ತು ಬೇಕು ಅನ್ನೋದಿದೆ. ಹತ್ತು ದಿನ ಕಾದು ಒಂದೇ ಸಲ ನೆನಪು ಮಾಡಿ. ಅವರ ಲೈವ್ ಚಾಟ್‌ನಲ್ಲಿ ನಿಮ್ಮ ಚಾನೆಲ್ ಲಿಂಕ್ ಹಾಕೋದು ಮಾತ್ರ ಬೇಡ. ಅದು ಬೇರೆಯವರ ಮದುವೆಯಲ್ಲಿ ನಿಮ್ಮ ಅಂಗಡಿ ಕರಪತ್ರ ಹಂಚಿದ ಹಾಗೆ.

4. ಇಬ್ಬರೂ ಬೇಕೇ ಬೇಕು ಅನ್ನುವ ಆಟ ಕಟ್ಟಿ

ಇಲ್ಲೇ ಹೆಚ್ಚಿನವರು ಎಡವುವುದು. ಸುಮ್ನೆ ಎರಡು ಕ್ಲಾಸಿಕ್ ಮ್ಯಾಚ್ ಆಡಿ "ಕೊಲ್ಯಾಬ್ ವಿತ್..." ಅಂತ ಥಂಬ್‌ನೇಲ್ (ವಿಡಿಯೊದ ಮುಖಚಿತ್ರ) ಹಾಕುತ್ತಾರೆ. ಒಬ್ಬರನ್ನು ತೆಗೆದರೂ ವಿಡಿಯೊ ಹಾಗೇ ನಿಲ್ಲುತ್ತದೆ ಅಂದರೆ ಅದು ಕೊಲ್ಯಾಬ್ ಅಲ್ಲ.

ನಮ್ಮ ಕಡೆಯವರಿಗೆ ಹೇಳಿ ಮಾಡಿಸಿದ ಒಂದು ಉದಾಹರಣೆ ಕೊಡುತ್ತೇನೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ಎರಡು ಗರ್ಭಗುಡಿ ಇವೆ, ಹೊಯ್ಸಳೇಶ್ವರ ಒಂದು, ಶಾಂತಲೇಶ್ವರ ಇನ್ನೊಂದು. ಮೈನ್‌ಕ್ರಾಫ್ಟ್‌ನಲ್ಲಿ ಹಾಸನದವರು ಒಂದು ಕಟ್ಟಲಿ, ಚಿಕ್ಕಮಗಳೂರಿನವರು ಇನ್ನೊಂದು ಕಟ್ಟಲಿ. ನಡುವೆ ಗೋಡೆ ಹಾಕಿ, ಒಬ್ಬರದ್ದು ಇನ್ನೊಬ್ಬರಿಗೆ ಕಾಣದ ಹಾಗೆ. ಕೊನೆಯ ದಿನ ಗೋಡೆ ಒಡೆದು ಎರಡನ್ನೂ ಜೋಡಿಸಿ. ಆಟದ ಬ್ಲಾಕ್ ಚೌಕ, ಹೊಯ್ಸಳರ ಜಗಲಿಯಲ್ಲಿ ಮೂಲೆ ಮೇಲೆ ಮೂಲೆ. ಆ ಮೂಲೆಗಳನ್ನು ಚೌಕದಲ್ಲಿ ತರೋದರಲ್ಲೇ ಇಬ್ಬರಿಗೂ ಬೆವರು ಇಳಿಯುತ್ತದೆ, ಅಳತೆ ಬೇರೆ ಬಂದರೆ ಜೋಡಿಸುವಾಗ ನಗು. ಎರಡು ಚಾನೆಲ್‌ನಲ್ಲಿ ಎರಡು ಪಿಓವಿ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಈ ಗುಡಿಗಳ ಬಗ್ಗೆ ಹುಡುಕುವವರಿಗೂ ನಿಮ್ಮ ವಿಡಿಯೊ ಕಣ್ಣಿಗೆ ಬೀಳಬಹುದು.

ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಆಡುವವರು ಕಸ್ಟಮ್ ರೂಮ್ (ನೀವೇ ತೆರೆದು ಬೇಕಾದವರನ್ನು ಕರೆಯುವ ಪಂದ್ಯ) ಮಾಡಿ ಹಾಸನ ತಂಡ, ಚಿಕ್ಕಮಗಳೂರು ತಂಡ ಅಂತ ಇಡಬಹುದು. ಎಚ್ಚರ, ಇಬ್ಬರೂ ಲೈವ್ ಇದ್ದರೆ ಒಬ್ಬರ ಲೈವ್ ನೋಡಿ ಇನ್ನೊಬ್ಬರ ತಂಡ ಜಾಗ ಪತ್ತೆ ಮಾಡುತ್ತದೆ. ಇದನ್ನು ಸ್ಟ್ರೀಮ್ ಸ್ನೈಪಿಂಗ್ ಅನ್ನುತ್ತಾರೆ. ಯೂಟ್ಯೂಬ್‌ನಲ್ಲೂ ಓಬಿಎಸ್‌ನಲ್ಲೂ ಲೈವ್ ತಡವಾಗಿ ಹೋಗುವ ಹಾಗೆ ಮಾಡಬಹುದು. ಹಾಗೆ ಮಾಡಿಯೇ ಶುರು ಮಾಡಿ.

5. ಷರತ್ತು ಬರೆದಿಡಿ, ಸ್ನೇಹಿತರಾದರೂ ಸರಿ

ಕರಾರು ಪತ್ರ, ಸ್ಟಾಂಪ್ ಪೇಪರ್ ಏನೂ ಬೇಡ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಸಾಕು, ಇಬ್ಬರೂ "ಓಕೆ" ಅಂದಿರಬೇಕು. ಜೋಡಿ ಚಾನೆಲ್‌ಗಳು ಮುರಿದುಬೀಳೋದು ಆಟದಲ್ಲಿ ಸೋತಿದ್ದಕ್ಕಲ್ಲ, ದುಡ್ಡಿಗೆ ಮತ್ತು "ನೀನ್ಯಾಕೆ ಮೊದಲು ಹಾಕಿದೆ" ಅನ್ನೋದಕ್ಕೆ.

ಜಾಹೀರಾತಿನ ದುಡ್ಡು ವಿಡಿಯೊ ಅಪ್‌ಲೋಡ್ ಆದ ಚಾನೆಲ್‌ಗೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಕೊಲ್ಯಾಬರೇಟರ್ ಅಂತ ಇನ್ನೊಬ್ಬರ ಚಾನೆಲ್ ಹೆಸರು ಸೇರಿಸುವ ಸೌಲಭ್ಯ ಈಗ ಬಂದಿದೆ, ವಿಡಿಯೊ ಅವರ ನೋಡುಗರಿಗೂ ತಲುಪಲು ನೆರವಾಗುತ್ತದೆ. ಆದರೆ ಅದರಿಂದ ಹಣ ಪಾಲಾಗುವುದಿಲ್ಲ. ಲೈವ್‌ನಲ್ಲಿ ಬರುವ ಸೂಪರ್ ಚಾಟ್ (ನೋಡುವವರು ಹಣ ಕೊಟ್ಟು ಹಾಕುವ ಮೆಸೇಜ್) ಕೂಡ ಯಾರ ಲೈವ್‌ನಲ್ಲಿ ಬಂತೋ ಅವರಿಗೇ. "ಇಬ್ಬರಿಗೂ ಟೀ ಕುಡಿಯೋಕೆ" ಅಂತ ಒಬ್ಬರು 100 ರೂಪಾಯಿ ಹಾಕಿದರು ಅನ್ನಿ. ಯೂಟ್ಯೂಬ್ ತನ್ನ ಪಾಲು ಮುರಿದುಕೊಂಡು ಉಳಿದದ್ದು ಲೈವ್ ಮಾಡಿದವರ ಖಾತೆಗೆ, ಅದೂ ತಿಂಗಳಾದ ಮೇಲೆ. ಇನ್ನೊಬ್ಬರು ಇವತ್ತೇ ಐವತ್ತು ಕೇಳಿದರೆ? ಅದಕ್ಕೇ ಮೊದಲೇ ಮಾತಾಡಿ. ಸುಲಭದ ದಾರಿ: ಅವರವರ ಚಾನೆಲ್‌ಗೆ ಬಂದದ್ದು ಅವರವರಿಗೆ, ಇಬ್ಬರೂ ಒಂದೊಂದು ವಿಡಿಯೊ ಹಾಕಿಕೊಳ್ಳುವುದು.

ಇನ್ನು ಬರೆಯಬೇಕಾದದ್ದು: ಯಾವ ದಿನ, ಎಷ್ಟು ಗಂಟೆಗೆ, ಯಾರು ಮೊದಲು. ಇನ್ನೊಬ್ಬರ ರೆಕಾರ್ಡಿಂಗ್‌ನಿಂದ ಶಾರ್ಟ್ಸ್ ಕತ್ತರಿಸಬಹುದಾ? ಜಗಳ ಆದರೆ ವಿಡಿಯೊ ಇರಬೇಕಾ, ತೆಗೆಯಬೇಕಾ? ಥಂಬ್‌ನೇಲ್‌ನಲ್ಲಿ ಮುಖ ಹಾಕಲು ಒಪ್ಪಿಗೆ ಇದೆಯಾ? ಜೊತೆಗಾರರು ಸ್ಕೂಲು, ಪಿಯುಸಿ ಓದುವವರಾಗಿದ್ದರೆ ಅಪ್ಪ ಅಮ್ಮನ ಹತ್ತಿರ ಮಾತಾಡಿ. ಯೂಟ್ಯೂಬ್‌ನಲ್ಲಿ ಒಬ್ಬರೇ ಲೈವ್ ಮಾಡಲು ಕನಿಷ್ಠ ವಯಸ್ಸು 2025ರ ಜುಲೈನಿಂದ 16.

ಪಾಸ್‌ವರ್ಡ್ ಕೊಡಬೇಡಿ. ಎಷ್ಟೇ ಆಪ್ತರಾದರೂ ಬೇಡ. ಎಡಿಟ್ ಮಾಡಿಸಬೇಕಾದರೆ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಡುವ ಜಾಗ ಇದೆ. ಅಲ್ಲಿ ಎಡಿಟರ್ ಅಂತ ಮಾತ್ರ ಸೇರಿಸಿ, ಕೆಲಸ ಮುಗಿದ ಮೇಲೆ ತೆಗೆದುಹಾಕಿ.

6. ರೆಕಾರ್ಡಿಂಗ್ ದಿನ

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆಯವರು ಜಂಟಿ ಲೈವ್ ಇಟ್ಟುಕೊಳ್ಳದೆ ಇರುವುದೇ ಕ್ಷೇಮ. ಮರ ಬಿದ್ದರೆ ಕರೆಂಟೂ ಇಲ್ಲ, ಟವರೂ ಇಲ್ಲ. ರೆಕಾರ್ಡ್ ಮಾಡಿ ಹಾಕಿ. ಲೈವ್ ಮಾಡಲೇಬೇಕು ಅಂದರೆ ರೌಟರ್‌ಗೆ ಸಣ್ಣ ಯುಪಿಎಸ್ ಹಾಕಿಕೊಳ್ಳಿ, ಮೊಬೈಲ್ ಹಾಟ್‌ಸ್ಪಾಟ್ ಪಕ್ಕದಲ್ಲಿರಲಿ. ಲೆಕ್ಕ ಗೊತ್ತಿರಲಿ: 720ಪಿ ಲೈವ್‌ಗೆ ಸುಮಾರು 4 ಎಂಬಿಪಿಎಸ್ ಅಪ್‌ಲೋಡ್ ವೇಗ ಬೇಕು, ಗಂಟೆಗೆ ಹತ್ತಿರ ಹತ್ತಿರ 1.8 ಜಿಬಿ ಡೇಟಾ ಹೋಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಎರಡನೇ ಗಂಟೆಯ ಹೊತ್ತಿಗೆ ಕಥೆ ಮುಗಿಯಿತು. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ತೋಟದ ಮನೆಯವರನ್ನು ಹಗಲು ಹೊತ್ತು ಕರೆಯಲೂಬೇಡಿ, ಬರುವುದಿಲ್ಲ.

ಈಗ ಧ್ವನಿ. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ.

ಪ್ರತಿಯೊಬ್ಬರೂ ತಮ್ಮ ಧ್ವನಿಯನ್ನು ತಮ್ಮಲ್ಲೇ ಬೇರೆ ಟ್ರ್ಯಾಕ್ ಆಗಿ ರೆಕಾರ್ಡ್ ಮಾಡಿ. ಟ್ರ್ಯಾಕ್ ಅಂದರೆ ಒಂದರ ಜೊತೆ ಒಂದು ಬೆರೆಯದ ಧ್ವನಿಯ ಸಾಲು. ಡಿಸ್ಕಾರ್ಡ್‌ನಿಂದ ಕೇಳಿಸಿದ್ದನ್ನೇ ನಂಬಿದರೆ ನೆಟ್ ಕೈಕೊಟ್ಟಾಗ ಜೊತೆಗಾರರ ಒಳ್ಳೆಯ ಜೋಕ್ ಅರ್ಧಕ್ಕೆ ಕತ್ತರಿಸಿರುತ್ತದೆ. ಶುರುವಿನಲ್ಲಿ ಒಬ್ಬರು "ಮೂರು, ಎರಡು, ಒಂದು" ಅಂತ ಎಣಿಸಿ, ಎಲ್ಲರೂ ಮೈಕ್ ಮುಂದೆ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆಯ ಚೂಪು ಗೆರೆಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಧ್ವನಿ ಕೂಡಿಕೊಳ್ಳುತ್ತದೆ.

ಜೋಡಿಸಿದರೂ ಅರ್ಧ ಗಂಟೆ ಆದ ಮೇಲೆ ತುಟಿಗೂ ಮಾತಿಗೂ ಹೊಂದುತ್ತಿಲ್ಲವಾ? ಎರಡು ಕಾರಣ ಇರಬಹುದು. ಧ್ವನಿಯ ಸ್ಯಾಂಪಲ್ ರೇಟ್ ಅನ್ನೋ ಸೆಟ್ಟಿಂಗ್‌ನಲ್ಲಿ ಒಬ್ಬರು 44.1 ಕಿಲೊಹರ್ಟ್ಸ್, ಇನ್ನೊಬ್ಬರು 48 ಇಟ್ಟಿರಬಹುದು. ಇಬ್ಬರೂ 48 ಇಡಿ. ಇಲ್ಲವಾದರೆ ಫೋನಿನ ಸ್ಕ್ರೀನ್ ರೆಕಾರ್ಡರ್ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದನ್ನು ಹೆಚ್ಚು ಕಡಿಮೆ ಮಾಡುತ್ತಾ ಹೋಗಿರುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟ್ ಸ್ಥಿರ ಮಾಡಿಕೊಂಡು ಆಮೇಲೆ ಎಡಿಟಿಂಗ್‌ಗೆ ಹಾಕಿ.

ಫೋನ್‌ನಲ್ಲಿ ಆಡುವವರು ಐದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡದೆ ಮುಂದೆ ಹೋಗಬೇಡಿ. ಆಟದ ಒಳಗಿನ ವಾಯ್ಸ್ ಚಾಟ್ ಆನ್ ಇದ್ದರೆ ಕೆಲವು ಫೋನ್‌ಗಳಲ್ಲಿ ರೆಕಾರ್ಡರ್‌ಗೆ ಮೈಕ್ ಸಿಗುವುದಿಲ್ಲ. ಎರಡು ಗಂಟೆ ಕೂಗಾಡಿ ಕೊನೆಗೆ ಮೂಕಿ ಚಿತ್ರ ಸಿಗುತ್ತದೆ. ಒಂದೇ ರೂಮಿನಲ್ಲಿ ಇಬ್ಬರೂ ಕೂತರೆ ಒಬ್ಬರ ಮೈಕ್‌ಗೆ ಇನ್ನೊಬ್ಬರು ಬೀಳುತ್ತಾರೆ, ಹಾಗಾಗಿ ಬೇರೆ ಬೇರೆ ರೂಮು ಒಳ್ಳೆಯದು. ಶೀಟಿನ ಮನೆ ಆದರೆ ಮಳೆ ನಿಂತ ಮೇಲೆ ಮಾಡಿ. ಓಬಿಎಸ್‌ನ ನಾಯ್ಸ್ ಸಪ್ರೆಷನ್ ಫ್ಯಾನ್ ಸದ್ದು ತೆಗೆಯುತ್ತದೆ, ಮಲೆನಾಡ ಮಳೆಯ ಮುಂದೆ ಅದರ ಆಟ ನಡೆಯಲ್ಲ.

ಹಿಂದೆ ಸಿನಿಮಾ ಹಾಡು ಹಾಕಬೇಡಿ. ಒಬ್ಬರ ಮನೆಯ ಟಿವಿಯಿಂದ ಹಾಡು ಕೇಳಿಸಿದರೂ ಇಬ್ಬರ ವಿಡಿಯೊಗೂ ಕಾಪಿರೈಟ್ ಕ್ಲೇಮ್ ಬರಬಹುದು. ಲೈವ್ ಇದ್ದರೆ ಇಬ್ಬರ ಕಡೆಯಿಂದಲೂ ಒಬ್ಬೊಬ್ಬ ಮಾಡರೇಟರ್ (ಚಾಟ್ ನೋಡಿಕೊಂಡು ಕೆಟ್ಟ ಮೆಸೇಜ್ ತೆಗೆಯುವವರು) ಇರಲಿ. ಜೊತೆಗಾರರ ಅಭಿಮಾನಿಗಳು ನಿಮ್ಮವರನ್ನು ಕೆಣಕುವುದು ಮೊದಲ ಹತ್ತು ನಿಮಿಷದಲ್ಲೇ.

7. ಹಾಕುವಾಗ

ಎರಡೂ ವಿಡಿಯೊ ಒಂದೇ ದಿನ ಹಾಕಿ. ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಎಂಡ್ ಸ್ಕ್ರೀನ್ ಹಾಕಬಹುದು, ಅಂದರೆ ಒತ್ತಿದರೆ ಬೇರೆ ವಿಡಿಯೊಗೆ ಹೋಗುವ ಚೌಕ. ಅಲ್ಲಿ ಜೊತೆಗಾರರ ಪಿಓವಿ ಇರಲಿ. ಇನ್‌ಸ್ಟಾಗ್ರಾಮ್ ರೀಲ್‌ಗೆ ಕೊಲ್ಯಾಬ್ ಆಹ್ವಾನ ಕಳಿಸಿದರೆ ಒಂದೇ ರೀಲ್ ಇಬ್ಬರ ಪ್ರೊಫೈಲ್‌ನಲ್ಲೂ ಕಾಣುತ್ತದೆ.

ಜೋಡಿಯಾಗಿ ಹೆಸರು ಬಂದ ತಕ್ಷಣ ಇನ್‌ಬಾಕ್ಸ್‌ಗೆ ಪ್ರಾಯೋಜಕರು ಅಂತ ಹೇಳಿಕೊಂಡು ಬರುತ್ತಾರೆ. ಎರಡು ಥರದವರಿಂದ ದೂರ ಇರಿ. ಮೊದಲನೆಯವರು "ನಮ್ಮ ಗೇಮ್ ಟ್ರೈ ಮಾಡಿ" ಅಂತ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕಳಿಸುವವರು. ಅದನ್ನು ತೆರೆದರೆ ಬ್ರೌಸರ್‌ನಲ್ಲಿರುವ ಲಾಗಿನ್ ಮಾಹಿತಿಯನ್ನೇ ಕದ್ದು ಚಾನೆಲ್ ಹಾರಿಸುತ್ತಾರೆ, ಎರಡು ಹಂತದ ಭದ್ರತೆ ಇದ್ದರೂ ಬಿಡುವುದಿಲ್ಲ. ಎರಡನೆಯವರು ಬೆಟ್ಟಿಂಗ್, ದುಡ್ಡಿಟ್ಟು ಆಡುವ ರಮ್ಮಿ ಥರದ ಆ್ಯಪ್‌ನವರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಅವುಗಳ ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. "ಎಲ್ಲರೂ ಮಾಡ್ತಾರೆ" ಅನ್ನೋದು ಕೋರ್ಟಿನಲ್ಲಿ ನಡೆಯಲ್ಲ. ನ್ಯಾಯವಾದ ಪ್ರಾಯೋಜಕರು ಸಿಕ್ಕರೂ ಹಣ ಅಥವಾ ಉಚಿತ ವಸ್ತು ಪಡೆದದ್ದನ್ನು ವಿಡಿಯೊದಲ್ಲಿ ಹೇಳಿ, ಅಪ್‌ಲೋಡ್ ಮಾಡುವಾಗ ಪೇಯ್ಡ್ ಪ್ರೊಮೋಷನ್ ಗುರುತು ಹಾಕಿ. ಹಣ ಒಬ್ಬರಿಗೇ ಬಂದಿದ್ದರೆ ಇನ್ನೊಬ್ಬರಿಗೂ ಅದು ಗೊತ್ತಿರಬೇಕು.

8. ಆಮೇಲೆ ನೋಡಬೇಕಾದ್ದು

ಮೊದಲ ಎರಡು ದಿನದ ಏರಿಕೆ ನೋಡಿ ಕುಣಿಯಬೇಡಿ. 28 ದಿನ ಬಿಟ್ಟು ಸ್ಟುಡಿಯೊ ತೆರೆಯಿರಿ. ಕೊಲ್ಯಾಬ್ ಆದ ಮೇಲೆ ನೀವೊಬ್ಬರೇ ಮಾಡಿದ ವಿಡಿಯೊಗಳಿಗೆ ಮರಳಿ ಬರುವ ನೋಡುಗರು ಹೆಚ್ಚಿದ್ದಾರಾ? ಕೊಲ್ಯಾಬ್ ವಿಡಿಯೊದಲ್ಲಿ ಜನ ಎಲ್ಲಿಯವರೆಗೆ ಕೂತು ನೋಡಿದರು ಅನ್ನೋ ಗೆರೆ (ರಿಟೆನ್ಷನ್) ಎಲ್ಲಿ ಜಾರಿದೆ? ಜೊತೆಗಾರರು ಮಾತಾಡುವಾಗ ಮೇಲೆ, ನೀವು ಮಾತಾಡುವಾಗ ಕೆಳಗೆ ಅಂದರೆ ಮುಂದಿನ ಸಲ ಏನು ಕಲಿಯಬೇಕು ಅನ್ನೋದು ಗೊತ್ತಾಯಿತು.

ಕಮೆಂಟ್ ಓದಿ. "ಆ ಅಣ್ಣ ಯಾವಾಗ ಬರ್ತಾರೆ" ಅನ್ನೋದೇ ತುಂಬಿದ್ದರೆ ಜನ ಬಂದಿರೋದು ಜೋಡಿಗೆ, ನಿಮಗಲ್ಲ. ಅದು ಕೆಟ್ಟದ್ದೇನೂ ಅಲ್ಲ, ಆದರೆ ತೀರ್ಮಾನ ಬೇಕು. ಒಂದೋ ಜೋಡಿ ವಿಡಿಯೊಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಉಳಿದ ದಿನ ನಿಮ್ಮದೇ ಇರಲಿ. ಇಲ್ಲವೇ ಇಬ್ಬರೂ ಸೇರಿ ಹೊಸ ಚಾನೆಲ್ ಮಾಡಿ. ಎರಡನೆಯದಕ್ಕೆ ಹೋಗುವವರು ಐದನೇ ಹಂತವನ್ನು ಇನ್ನೊಮ್ಮೆ ಓದಿ, ಚಾನೆಲ್ ಯಾರ ಇಮೇಲ್‌ನಲ್ಲಿ ಇರುತ್ತದೆ, ಬ್ಯಾಂಕ್ ಖಾತೆ ಯಾರದ್ದು ಅನ್ನೋದನ್ನೂ ಅದಕ್ಕೆ ಸೇರಿಸಿ.

ಜೊತೆಗಾರರ ಬೈಗುಳ, ಕೂಗಾಟ, ಪದೇ ಪದೇ ಹೇಳುವ ಮಾತು ನಿಮ್ಮ ಬಾಯಿಗೂ ಬಂದಿದೆಯಾ ಅಂತ ಹಳೇ ನೋಡುಗರೊಬ್ಬರನ್ನು ಕೇಳಿ. ನಿಮಗೆ ನೀವೇ ಗೊತ್ತಾಗುವುದಿಲ್ಲ, ಅವರಿಗೆ ಕೂಡಲೇ ಗೊತ್ತಾಗಿರುತ್ತದೆ. ಮುಂದಿನ ಕೊಲ್ಯಾಬ್‌ಗೆ ಕೇಳುವ ಮೊದಲು ನೀವೊಬ್ಬರೇ ಆಡಿದ ಎರಡು ಮೂರು ವಿಡಿಯೊ ನಡುವೆ ಹಾಕಿ.